ಮುಖ ಹೇಳಬಾರದು

ನನ್ನ ಮಗಳು ಅಂಬಿಕಾ ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ನನ್ನ ಎದುರು ಬಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ನಾನು ಬಟ್ಟಲಿನಿಂದ ಕುಂಕುಮ ತೆಗೆದು ಹಣೆಗೆ ಇಡುತ್ತಿದ್ದೆ. "ಸರಿ ಇದೆಯೇನಪ್ಪಾ?" ಎಂದು ಕೇಳುವಳು. "ಸರಿ ಇದೆ" ಎಂದ ಮೇಲೇ ಕಣ್ಣು ತೆರೆಯುವಳು. ಅವಳ ತಾಯಿ ತೀರಿಕೊಂಡ ಮೇಲೆ ಜಡೆ ಹೆಣೆಯುವುದನ್ನೂ ಬೊಟ್ಟು ಇಡುವುದನ್ನೂ ನಾನೇ ಕಲಿತೆ. ಹಿಟ್ಟಿನ ಗಿರಣಿಯಲ್ಲಿ ದುಡಿಯುವವನ ಬೆರಳು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ರಾಗಿಯೋ ಜೋಳವೋ ಉಳಿದೇ ಇರುತ್ತದೆ. ಕೆಲವು ದಿನ ಕೆಂಪು ಬೊಟ್ಟಿನ ಸುತ್ತ ತೆಳುವಾಗಿ ಹಿಟ್ಟಿನ ಅಂಚು ಕೂರುತ್ತಿತ್ತು. ಗೆಳತಿಯರು ನಕ್ಕರೆ, "ಇದು ನಮ್ಮಪ್ಪನ ಡಿಸೈನು ಕಣ್ರೇ" ಎನ್ನುತ್ತಿದ್ದಳಂತೆ.

ನಮ್ಮೂರಲ್ಲಿ ಕನ್ನಡಿ ಯಾರ ಮುಖವನ್ನೂ ಹಿಡಿಯುವುದಿಲ್ಲ. ಕನ್ನಡಿಯೇನೋ ಮನೆಮನೆಯಲ್ಲೂ ಇದೆ. ಎದುರಿಗೆ ನಿಂತರೆ ಹಿಂದಿನ ಗೋಡೆ, ಗೋಡೆಯ ಮೊಳೆ, ಹಗ್ಗದ ಮೇಲಿನ ಬಟ್ಟೆ ಎಲ್ಲ ಕಾಣುತ್ತದೆ, ನಿಂತವರು ಕಾಣುವುದಿಲ್ಲ. ಬಾವಿಯ ನೀರೂ ಅಷ್ಟೆ, ಸ್ಟೀಲಿನ ತಟ್ಟೆಯೂ ಅಷ್ಟೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಖಾಲಿ ಕುರ್ಚಿ ಬರುತ್ತದೆ. ನಾವು ಹೊಂದಿಕೊಂಡಿದ್ದೇವೆ. ಗಂಡಸರು ಜಗುಲಿಯ ಮೇಲೆ ಎದುರುಬದುರು ಕೂತು ಒಬ್ಬರ ಗಡ್ಡ ಒಬ್ಬರು ಹೆರೆಯುತ್ತಾರೆ. ಹಾಗಾಗಿ ಅಣ್ಣತಮ್ಮಂದಿರ ಜಗಳ ನಮ್ಮಲ್ಲಿ ಹೆಚ್ಚು ದಿನ ನಡೆಯುವುದಿಲ್ಲ, ಗಡ್ಡ ಕೆರೆಯತೊಡಗುತ್ತದೆ. ಹಲ್ಲಿನ ಸಂದಿಯಲ್ಲಿ ಸೊಪ್ಪು ಸಿಕ್ಕಿದ್ದರೆ ದಾರಿಯಲ್ಲಿ ಹೋಗುವವರೂ ನಿಲ್ಲಿಸಿ ಹೇಳಿ ಹೋಗುತ್ತಾರೆ. ಗಿರಣಿಗೆ ಡಬ್ಬ ತರುವ ಹೆಂಗಸರು, "ಲಿಂಗಣ್ಣಾ, ಹುಬ್ಬು ನರೆತಿದೆಯೋ, ಇಲ್ಲಾ ನಮ್ಮ ಹಿಟ್ಟನ್ನೇ ಬಳಿದುಕೊಂಡಿದೀಯೋ?" ಎಂದು ಕಾಡುತ್ತಾರೆ.

ಆದರೆ ಮುಖ ಹೇಳಬಾರದು. ಬೊಟ್ಟು ಸೊಟ್ಟಗಿದೆ ಎನ್ನಬಹುದು, ಹಣೆ ಅಗಲ ಎನ್ನಬಾರದು. ಕಾಡಿಗೆ ಹರಡಿದೆ ಎನ್ನಬಹುದು, ಕಣ್ಣು ಇಂಥದ್ದು ಎನ್ನಬಾರದು. ಮುಖ ಹೇಳುವ ಕೆಲಸ ಚಿತ್ರ ಬರೆಯುವವರದು. ಬಾಯಲ್ಲಿ ಹೇಳಿದರೆ ಮುಖ ಸವೆಯುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ತಿಳಿಯದೆ ಕೇಳಿದ ಮಕ್ಕಳಿಗೆ ಬಾಯಿಯ ಮೇಲೆ ಒಂದು ಬೀಳುತ್ತಿತ್ತು. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಹುಡುಗ ಹುಡುಗಿಯರಿಗೆ ಮುಖ ಬರೆಸುತ್ತಾರೆ. ಅದನ್ನು ನೋಡಿದ ದಿನ ಮನೆಯಲ್ಲಿ ಪಾಯಸ.

ನನ್ನ ತಾಯಿಯ ಕಾಲದಲ್ಲಿ ಕಷ್ಟವಿರಲಿಲ್ಲ. ಹೆಣ್ಣುಮಕ್ಕಳಿಗೆಲ್ಲ ಲಕ್ಷ್ಮಿಯ ಮುಖ, ಗಂಡುಮಕ್ಕಳಿಗೆಲ್ಲ ರಾಮನ ಮುಖ ಬರೆದು ಕೊಡುತ್ತಿದ್ದರು. ನನ್ನಮ್ಮ ಸಾಯುವ ತನಕ ತಾನು ಲಕ್ಷ್ಮಿಯ ಹಾಗೇ ಇದ್ದೇನೆ ಅಂದುಕೊಂಡಿದ್ದಳು. ಸುಖವಾಗಿದ್ದಳು. ಆಮೇಲೆ ವಾಮನ ಮೇಷ್ಟ್ರು ಬಂದರು. ಹರೆಯದಲ್ಲಿ ಅವರು ಮನೆಮನೆಯ ಲಕ್ಷ್ಮಿಯರನ್ನು ಸಂತೆ ಮೈದಾನಕ್ಕೆ ತರಿಸಿ ಬೆಂಕಿ ಹಾಕಿದರಂತೆ. ಇದು ನಿಮ್ಮ ಮುಖವಲ್ಲ, ನಿಮ್ಮ ನಿದ್ದೆ ಎಂದರಂತೆ. ಪ್ರತಿಯೊಬ್ಬರ ಒಳಗೂ ಒಂದೇ ಒಂದು ಮುಖವಿದೆ, ಅದು ಇನ್ನೊಬ್ಬರಿಗಿಲ್ಲ, ಅಗೆದು ತೆಗೆಯಬೇಕು ಎಂಬುದು ಅವರ ಮಾತು. ಆ ಗಾಳಿ ಚಿತ್ರಕ್ಕಷ್ಟೇ ಬೀಸಲಿಲ್ಲ. ಕಥೆ ಹೇಳುವವರು 'ಒಂದಾನೊಂದು ಕಾಲದಲ್ಲಿ' ಎನ್ನುವುದನ್ನು ಬಿಟ್ಟು, ಮೆಟ್ಟಿಲು ಹತ್ತುತ್ತ ಯೋಚಿಸುತ್ತ ಕಡೆಗೂ ಮೇಲೆ ತಲುಪದ ಒಬ್ಬಂಟಿ ಗಂಡಸಿನ ಕಥೆ ಹೇಳತೊಡಗಿದರು. ಹಾಡುವವರು ಪಲ್ಲವಿ ಬಿಟ್ಟರು. ಇವರನ್ನೆಲ್ಲ ಊರು ಹೊಸಬರು ಎಂದು ಕರೆಯಿತು. ಮೇಷ್ಟ್ರಿಗೆ ಎಂಬತ್ತು ದಾಟಿದೆ, ಕೋಲು ಹಿಡಿದು ನಡೆಯುತ್ತಾರೆ, ಈಗಲೂ ಅವರು ಹೊಸಬರೇ.

ನನ್ನ ಮುಖ ಬರೆದವರು ಅವರೇ. ಬೂದು ಬಣ್ಣದ ಹಲಗೆ, ನಡುವೆ ಉದ್ದಕ್ಕೊಂದು ಗೀರು, ಒಂದು ಕಣ್ಣು ಇರಬೇಕಾದ ಕಡೆ, ಇನ್ನೊಂದು ದವಡೆಯ ಹತ್ತಿರ. ಅದನ್ನು ನೋಡಿದ ದಿನ ನನಗೆ ಜ್ವರ ಬಂತು, ಪಾಯಸ ಹಾಗೇ ಉಳಿಯಿತು. ಆದರೆ ಇದೇ ನಾನು ಎನ್ನಿಸಿತು. ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಕೇಳದೆ ಇಡೀ ದಿನ ನಿಂತು, ಸಂಜೆ ಮನೆಯಲ್ಲಿ ಗೋಣಿಚೀಲ ಹೊಲಿಯುತ್ತ ಕೂತಾಗ ಆ ಚಿತ್ರದ ಕಡೆ ನೋಡುತ್ತಿದ್ದೆ. ನನ್ನ ದಣಿವನ್ನು ಒಬ್ಬರಾದರೂ ಕಂಡಿದ್ದಾರೆ ಎಂಬ ಸಮಾಧಾನ. ಹಾಗಾಗಿ ಅಂಬಿಕಾಳ ಸರದಿ ಬಂದಾಗ ಅವಳನ್ನೂ ಮೇಷ್ಟ್ರ ಮನೆಗೇ ಕರೆದುಕೊಂಡು ಹೋದೆ.

ಆ ಬೇಸಿಗೆಯೆಲ್ಲ ಅವಳು ಅವರ ಕಿಟಕಿಯ ಪಕ್ಕ ಕೂತಳು. ಮಾತಾಡುವ ಹಾಗಿಲ್ಲ. ನಕ್ಕರೆ ಮೇಷ್ಟ್ರು ಕುಂಚ ಕೆಳಗಿಡುವರು. "ಆ ನಗು ನಿಂದಲ್ಲ ಮಗೂ, ಯಾರನ್ನೋ ನೋಡಿ ಕಲಿತಿದ್ದು. ಉದುರಿ ಹೋಗ್ಲಿ, ಕಾಯೋಣ." ಕಾದರು. ಕಡೆಗೊಂದು ದಿನ ಬಟ್ಟೆ ಸರಿಸಿ ತೋರಿಸಿದರು. ಪೂರ್ತಿ ಕಪ್ಪು. ನಡುವೆ ಒಡೆದ ಬಳಪದ ಹಾಗೆ ಬೆಳ್ಳಗೊಂದು ಚೂರು. ಬಾಯಿ ಇರಲಿಲ್ಲ.

"ಬಾಯಿ ಎಲ್ಲಿ ಮೇಷ್ಟ್ರೇ?" ಎಂದಳು ಅಂಬಿಕಾ.

"ನಿನ್ನ ತಾಯಿ ಹೋದ ದಿನ ಹೋಯ್ತು. ನಾನು ಕಂಡಿದ್ದನ್ನ ಬರ್ದಿದೀನಿ."

ನಾನು ಅತ್ತುಬಿಟ್ಟೆ. ಅದು ನಿಜ ಎಂದು ನನಗೆ ಗೊತ್ತಿತ್ತು. ಅಂಬಿಕಾ ಅಳಲಿಲ್ಲ. ದಾರಿಯಲ್ಲಿ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತ, "ಅಪ್ಪಾ, ನಾನು ಅಷ್ಟೊಂದು ದುಃಖದಲ್ಲಿದೀನಾ? ನಂಗೆ ಗೊತ್ತೇ ಇರ್ಲಿಲ್ಲ ನೋಡು" ಎಂದಳು. ಮನೆಗೆ ಬಂದು ಪಾಯಸ ಎರಡು ಲೋಟ ಕುಡಿದಳು. ಚಿತ್ರವನ್ನು ಮೊಳೆಗೆ ತೂಗುಹಾಕಿದಳು, ಗೋಡೆಯ ಕಡೆ ಮುಖಮಾಡಿ.

ಕಾಲೇಜು ಸೇರಿದ ಮೇಲೆ ಅವಳಿಗೆ ಬಸ್‌ಸ್ಟ್ಯಾಂಡಿನ ಮಹಡಿಯ ಮೇಲಿನ ಅಂಗಡಿಯ ಪರಿಚಯವಾಯಿತು. ಬೋರ್ಡಿನಲ್ಲಿ 'ನಿಮ್ಮಿಷ್ಟ' ಎಂದಷ್ಟೇ ಇದೆ. ನಡೆಸುವವಳು ಪ್ರಫುಲ್ಲಾ. ಹಿಂದೆ ವಾಮನ ಮೇಷ್ಟ್ರ ಶಿಷ್ಯೆ, ವರ್ಷಗಟ್ಟಲೆ ಅವರ ಕುಂಚ ತೊಳೆದವಳು. ಒಂದು ದಿನ ಬಿಟ್ಟು ಬಂದಳು, ಆಮೇಲೆ ಇಬ್ಬರಿಗೂ ಮಾತಿಲ್ಲ. ಯಾಕೆ ಬಿಟ್ಟೆ ಎಂದು ನಾನೇ ಕೇಳಿದ್ದೆ, ಗೋಧಿ ಬೀಸಿಸಲು ಬಂದಿದ್ದಾಗ. "ಅಗೆದೆ ಅಣ್ಣಾ. ಅಗೆದೂ ಅಗೆದೂ ಕೈ ಬೊಬ್ಬೆ ಬಂತು. ಕೆಳಗೆ ಇನ್ನೊಂದು ಗುಂಡಿ ಇತ್ತು ಅಷ್ಟೆ. ಅಗೆಯೋದು ನಿಲ್ಸಿ, ಬಂದ ಮಣ್ಣಲ್ಲಿ ಆಟ ಆಡೋಣ ಅಂದ್ಕೊಂಡೆ" ಎಂದು ನಕ್ಕಳು.

ಅವಳ ಕೈಯಲ್ಲಿ ಕುಂಚ ಇರುವುದಿಲ್ಲ, ಕತ್ತರಿ ಮತ್ತು ಅಂಟು. ಹಳೆಯ ಕ್ಯಾಲೆಂಡರು, ಸೋಪಿನ ಪೊಟ್ಟಣ, ಸಿನಿಮಾ ಪೋಸ್ಟರು, ಚುನಾವಣೆಯ ಕರಪತ್ರ, ಮೈದಾನದಲ್ಲಿ ಅರ್ಧ ಸುಟ್ಟು ಉಳಿದ ಲಕ್ಷ್ಮಿ, ಮೇಷ್ಟ್ರೇ ಬರೆದು ಎಸೆದ ಬೂದು ತುಂಡು, ಎಲ್ಲವೂ ಆಗುತ್ತವೆ. ಹೋಗಿ ಕೂತರೆ ಅರ್ಧ ಗಂಟೆಯಲ್ಲಿ ಮುಖ. ಬೇಡವೆನಿಸಿದರೆ ಮುಂದಿನ ವಾರ ಇನ್ನೊಂದು. ಇವರ ಗುಂಪಿಗೆ ಊರು ಇಟ್ಟ ಹೆಸರು ಹೊಸಬರಾದ ಮೇಲಿನವರು. ಇವರಲ್ಲೂ ಕಥೆಗಾರರಿದ್ದಾರೆ. ಒಂದು ಕಥೆಯ ತಲೆಗೆ ಇನ್ನೊಂದರ ಬಾಲ ಅಂಟಿಸುತ್ತಾರೆ, ರಾಜಕುಮಾರಿ ಸಾಯುವ ಹೊತ್ತಿಗೆ ನಿಲ್ಲಿಸಿ, "ಇದೆಲ್ಲ ಸುಳ್ಳು, ಕಡ್ಲೆಕಾಯಿ ತಗೊಳ್ಳಿ" ಎನ್ನುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಪಲ್ಲವಿಯೂ ವಾಪಸು ಬಂದಿದೆ, ಬೇರೆ ಹಾಡಿನದು.

ಅಂಬಿಕಾ ಮೊದಲ ಸಲ ಅಲ್ಲಿಂದ ತಂದ ಮುಖಕ್ಕೆ ಸೋಪಿನ ಹುಡುಗಿಯ ಕೆನ್ನೆ, ಯಾವುದೋ ಮಹಾರಾಣಿಯ ಮೂಗು, ಸರ್ಕಸ್ಸಿನ ಆನೆಯ ಕಣ್ಣು. "ಅಪ್ಪಾ, ನೋಡಿಲ್ಲಿ, ನಿನ್ನ ಮಗಳು!" ಎಂದು ಬಾಗಿಲಲ್ಲೇ ಕೂಗಿದಳು. ಅವಳ ನಗು ಕೇಳಿ ನನ್ನ ಎದೆ ಹಗುರಾಯಿತು. ಹೋದ ಬಾಯಿ ಬಂತಲ್ಲ ಎಂದುಕೊಂಡೆ. ವಾರ ವಾರ ಹೊಸ ಮುಖ ಬಂತು. ಒಂದಕ್ಕೆ ಮೀಸೆ, ಒಂದಕ್ಕೆ ಶಾಸಕರ ಗಲ್ಲ, ಒಂದರಲ್ಲಿ ಮುಖದ ಜಾಗದಲ್ಲಿ ಬಸ್ಸಿನ ವೇಳಾಪಟ್ಟಿ. ಗೋಡೆಯಲ್ಲಿ ಜಾಗ ಸಾಲದೆ ಬಾಗಿಲಿಗೂ ಅಂಟಿಸಿದಳು. ಬೆಳಿಗ್ಗೆ ಎದ್ದು, "ಇವತ್ತು ನಾನು ಇವಳು" ಎಂದು ಒಂದರ ಕಡೆ ಬೆರಳು ಮಾಡುತ್ತಿದ್ದಳು.

ನಗು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ. ಗಿರಣಿಯಲ್ಲಿ ದುಡಿಯುವವನಿಗೆ ಸದ್ದು ನಿಂತದ್ದು ಬೇಗ ಗೊತ್ತಾಗುವುದಿಲ್ಲ, ಕಿವಿಯಲ್ಲಿ ಅದು ನಡೆಯುತ್ತಲೇ ಇರುತ್ತದೆ. ಒಂದು ಸಂಜೆ ಚೀಲ ಹೊಲಿಯುತ್ತಿದ್ದಾಗ ಅವಳು ಗೋಡೆ ನೋಡುತ್ತ, "ಇದ್ರಲ್ಲಿ ಯಾವ್ದಪ್ಪಾ ನಾನು?" ಎಂದಳು. ಪ್ರಫುಲ್ಲಾಳನ್ನು ಕೇಳಬಾರದೇ ಎಂದೆ. "ಕೇಳ್ದೆ. ಯಾವ್ದೂ ಅಲ್ಲ, ಎಲ್ಲಾನೂ ಹೌದು, ಅದಕ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡೆ ಅಂದ್ರು. ನನ್ನ ಮುಖ ಸಪ್ಪಗಿದ್ದಿದ್ದು ಅವ್ರಿಗೆ ಕಾಣ್ಸುತ್ತೆ. ನಂಗೆ ಕಾಣ್ಸಲ್ಲ." ತಿರುಗಿಸಿ ತೂಗುಹಾಕಿದ್ದ ಕಪ್ಪು ಚಿತ್ರವನ್ನು ಅವಳು ಅಂದು ಮತ್ತೆ ಈ ಕಡೆ ಮಾಡಿದಳು. ಸ್ವಲ್ಪ ಹೊತ್ತು ನೋಡಿ, ಮತ್ತೆ ಆ ಕಡೆಗೇ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಬಂದು ಕಣ್ಣು ಮುಚ್ಚಿ ನಿಂತಳು. ಬೊಟ್ಟು ಇಟ್ಟೆ. ಸರಿ ಇದೆಯಾ ಎಂದು ಕೇಳಲಿಲ್ಲ.

"ನಾನು ಹೆಂಗಿದೀನಿ ಅಪ್ಪಾ?"

"ಚೆನ್ನಾಗಿದೀಯ."

"ಅದಲ್ಲ. ಮೂಗು ಹೆಂಗಿದೆ, ಬಾಯಿ ಹೆಂಗಿದೆ. ದಿನಾ ನೋಡ್ತೀಯಲ್ಲ, ಹೇಳು."

"ಮುಖ ಹೇಳಬಾರ್ದು ಕಣಮ್ಮ."

"ಹೇಳಿದ್ರೆ ಏನಾಗುತ್ತೆ?"

"ಏನಾಗುತ್ತೋ. ಇಲ್ಲಿ ತನಕ ಯಾರೂ ಹೇಳಿಲ್ಲ."

ಅವಳು ಕಣ್ಣು ತೆರೆಯದೆ ನಿಂತೇ ಇದ್ದಳು. ಹೊರಗೆ ಯಾರೋ ಡಬ್ಬ ಕುಟ್ಟಿ ನನ್ನನ್ನು ಕರೆಯುತ್ತಿದ್ದರು. ಕರೆಂಟು ಬಂದಿದೆ, ಮತ್ತೆ ಹೋಗುವುದರೊಳಗೆ ಗಿರಣಿ ಹಚ್ಚಬೇಕು. "ಹೊತ್ತಾಯ್ತು ಅಂಬೂ, ಸಂಜೆ ಮಾತಾಡೋಣ" ಎಂದೆ. ಅವಳು ಕಣ್ಣು ತೆರೆದಳು. "ಆಯ್ತು ಬಿಡು" ಎಂದು ಬ್ಯಾಗು ಹೆಗಲಿಗೇರಿಸಿದಳು.

ಸಂಜೆ ಅವಳು ಬರಲಿಲ್ಲ. ಅವಳ ಜೊತೆ ಓದುವ ಹುಡುಗಿಯ ಮನೆಗೆ ಓಡಿದೆ. ಆ ಹುಡುಗಿ ಬಾಗಿಲು ಹಿಡಿದುಕೊಂಡು ಅಳುತ್ತ ಹೇಳಿದಳು: "ಘಟ್ಟದ ಆಚೆ ಕನ್ನಡೀಲಿ ಮುಖ ಕಾಣುತ್ತಂತೆ ಅಂಕಲ್. ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ, ಅಪ್ಪಂಗೆ ಹೇಳ್ಬೇಡ ಅಂದ್ಲು." ಫೋನು ಸ್ವಿಚ್ ಆಫ್ ಆಗಿತ್ತು. ಮನೆಯ ಗೋಡೆಯಿಂದ ಅವಳು ಒಂದು ಮುಖವನ್ನೂ ತೆಗೆದುಕೊಂಡು ಹೋಗಿರಲಿಲ್ಲ.

ಠಾಣೆಯಲ್ಲಿ ಚಿತ್ರ ಕೇಳಿದರು. ಮೇಷ್ಟ್ರ ಕಪ್ಪು ಚಿತ್ರವನ್ನೂ, ಪ್ರಫುಲ್ಲಾ ಮಾಡಿದ್ದರ ಒಂದು ಕಟ್ಟನ್ನೂ ಕೊಟ್ಟೆ. ನಮ್ಮೂರಿನವನೇ ಆದ ಪೇದೆ ಎಲ್ಲವನ್ನೂ ಮೇಜಿನ ಮೇಲೆ ಹರಡಿ, "ಒಬ್ಳೇ ಮಗಳಾ ಲಿಂಗಣ್ಣ?" ಎಂದ. ತಮಾಷೆಗೆ ಕೇಳಿದ್ದಲ್ಲ, ಪಾಪ. ಅವರು ಹುಡುಕುವಷ್ಟು ಹುಡುಕಿದರು. ಆಮೇಲೆ ನಾನೇ ಗಿರಣಿಗೆ ರಜೆ ಹೇಳಿ, ಚಿತ್ರಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಘಟ್ಟ ಇಳಿದೆ.

ಊರೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತೋರಿಸಿದೆ. ಮೇಷ್ಟ್ರ ಚಿತ್ರವನ್ನು ಮೊದಲು ತೋರಿಸುತ್ತಿದ್ದೆ, ಅದರಲ್ಲಿ ನನಗೆ ನಂಬಿಕೆ ಹೆಚ್ಚು. ಹೂ ಮಾರುವವಳೊಬ್ಬಳು ದಾರ ಕೆಳಗಿಟ್ಟು ಅದನ್ನೇ ನೋಡಿದಳು, ನೋಡುತ್ತ ಕಣ್ಣು ತುಂಬಿಕೊಂಡಳು. "ನೋಡಿದೀರಾ ತಾಯಿ?" ಎಂದೆ. "ನಮ್ಮಕ್ಕ ಸುಟ್ಕೊಂಡು ಸತ್ಲಲ್ಲ, ಅವತ್ತು ನಾನು ಹಿಂಗೇ ಇದ್ದೆ" ಎಂದಳು. ಮೂಟೆ ಹೊರುವವನು, "ಇದ್ಯಾರು ಸ್ವಾಮಿ ನನ್ನ ಬರ್ದೋರು?" ಎಂದು ಮೂಟೆ ಇಳಿಸಿದ. ನೋಡಿದವರೆಲ್ಲ ತಮ್ಮ ತಮ್ಮ ನೋವನ್ನು ಅದರಲ್ಲಿ ಕಂಡರು. ನನ್ನ ಮಗಳನ್ನು ಯಾರೂ ಕಾಣಲಿಲ್ಲ. ಪ್ರಫುಲ್ಲಾ ಮಾಡಿದ ಮುಖಗಳನ್ನು ತೋರಿಸಿದರೆ ಉಲ್ಟಾ. "ಓ, ಇವ್ಳಾ? ಈಗ ತಾನೆ ಜ್ಯೂಸ್ ಅಂಗಡಿ ಕಡೆ ಹೋದ್ಲಲ್ಲ." "ಈವಮ್ಮ ಟೀವೀಲಿ ಬರ್ತಾಳೆ." "ನಮ್ಮ ಓಣೀಲಿ ಇಂಥವ್ರು ಸುಮಾರು ಜನ ಅವ್ರೆ, ನಿಮಗ್ಯಾರು ಬೇಕು?" ಹೇಳಿದ ಕಡೆಗೆಲ್ಲ ಓಡಿದೆ. ಎಲ್ಲ ಕಡೆಯೂ ಅವಳಿದ್ದಳು. ಹಿಂದಿನಿಂದ ಹೋಗಿ ಹೆಗಲು ಮುಟ್ಟಿದರೆ ಬೇರೆ ಯಾರೋ ತಿರುಗುತ್ತಿದ್ದರು.

ಒಬ್ಬ ಕಂಡಕ್ಟರು ಮಾತ್ರ ಎರಡನ್ನೂ ನೋಡಿ ವಾಪಸು ಕೊಟ್ಟ. "ಇವೆಲ್ಲ ಬೇಡ ಯಜಮಾನ್ರೇ. ಬಾಯಲ್ಲಿ ಹೇಳಿ. ಉದ್ದ ಮೂಗಾ, ಮೊಂಡ ಮೂಗಾ? ಹಲ್ಲು ಮುಂದಿದೆಯಾ?" ನನ್ನ ನಾಲಿಗೆ ಏಳಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಅಜ್ಜಿಯ ಕೈ ಈಗಲೂ ಬಾಯಿಯ ಮೇಲೆ ಬೀಳುತ್ತದೇನೋ ಎಂಬ ಹಾಗೆ. "ಜಡೆ ಉದ್ದ. ನಾನೇ ಹೆಣೆದದ್ದು" ಎಂದೆ. "ಜಡೆ ಕತ್ತರಿಸ್ಕೊಂಡಿದ್ರೆ?" ಎಂದು ಸೀಟಿ ಊದಿದ.

ಊರಿಗೆ ವಾಪಸು ಬಂದು ಮತ್ತೆ ಗಿರಣಿಗೆ ಹೋಗತೊಡಗಿದೆ. ಹೋಗದೆ ನಡೆಯುವುದಿಲ್ಲವಲ್ಲ. ಆಗ ಕಾಲೇಜಿನ ಶಶಿಧರ ಸಾರ್ ಡಬ್ಬ ಹಿಡಿದು ಬಂದರು. ಅಂಬಿಕಾಳಿಗೆ ಪಾಠ ಹೇಳಿದವರು, ಒಳ್ಳೆಯ ಮನುಷ್ಯ. "ಲಿಂಗಣ್ಣ, ನಾವೊಂದು ವಿಚಾರ ಸಂಕಿರಣ ಇಟ್ಕೊಂಡಿದೀವಿ. ಹೊರಗಿನಿಂದ ಬಹಳ ಜನ ಬರ್ತಾರೆ. ಅಂಬಿಕಾ ಚಿತ್ರಗಳನ್ನ ಅಲ್ಲಿ ಇಟ್ರೆ ಯಾರಾದ್ರೂ ಗುರುತು ಹಿಡೀಬಹುದು" ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿ. ಸಂಕಿರಣದ ದಿನ ಹುಬ್ಬು, ಕಿವಿ ಎಲ್ಲ ಪಕ್ಕದ ಮನೆಯವರಿಂದ ಒರೆಸಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಸಭಾಂಗಣದ ಬಾಗಿಲಲ್ಲಿ ಬ್ಯಾನರು ಕಟ್ಟಿದ್ದರು: ನವ್ಯ ಮತ್ತು ನವ್ಯೋತ್ತರ, ಒಂದು ಮುಖದ ತೌಲನಿಕ ಅಧ್ಯಯನ. ಉಪ್ಪಿಟ್ಟು, ಕಾಫಿ ಇತ್ತು. ವೇದಿಕೆಯ ಎಡಗಡೆ ಕಪ್ಪು ಚಿತ್ರ, ಬಲಗಡೆ ತೇಪೆಯ ಮುಖಗಳು. ಮುಂದಿನ ಸಾಲಿನ ಈ ತುದಿಗೆ ವಾಮನ ಮೇಷ್ಟ್ರು, ಆ ತುದಿಗೆ ಪ್ರಫುಲ್ಲಾ. ಶಶಿಧರ ಸಾರ್ ಚೆನ್ನಾಗಿ ಮಾತಾಡಿದರು. ಎಡಗಡೆಯದು ಆಳವನ್ನು ನಂಬುತ್ತದೆ, ಬಲಗಡೆಯದು ಮೇಲ್ಮೈಯನ್ನು. ಒಂದಕ್ಕೆ ನಿಜ ಬೇಕು, ಸಿಗದಿದ್ದರೆ ಸಂಕಟಪಡುತ್ತದೆ. ಇನ್ನೊಂದು, ನಿಜ ಎಂಬುದೇ ಯಾರೋ ಹೊಲಿದ ಅಂಗಿ ಎನ್ನುತ್ತದೆ. "ನವ್ಯ ಮುಖ ಕಳೆದುಕೊಂಡು ಅಳುತ್ತದೆ. ನವ್ಯೋತ್ತರ ಕಳೆದುಕೊಂಡು ನಗುತ್ತದೆ" ಎಂದಾಗ ಜೋರಾಗಿ ಚಪ್ಪಾಳೆ ಬಿತ್ತು. ನನಗೂ ಅರ್ಥವಾಯಿತು. ಕಳೆದುಕೊಳ್ಳುವುದು ಎರಡರಲ್ಲೂ ಇತ್ತು.

ಪ್ರಶ್ನೆಗಳಿವೆಯೇ ಎಂದಾಗ ಕೈ ಎತ್ತಿದೆ. ಮೈಕು ಕೊಟ್ಟರು. "ಇವಳು ನನ್ನ ಮಗಳು. ನಿಮ್ಮಲ್ಲಿ ಯಾರಾದ್ರೂ ಇವಳನ್ನ ನೋಡಿದೀರಾ?" ಎಂದೆ. ಹೊರಗಿನಿಂದ ಬಂದಿದ್ದ ಅಧ್ಯಕ್ಷರು ತಲೆದೂಗಿ, "ಬಹಳ ಮೂಲಭೂತವಾದ ಪ್ರಶ್ನೆ. ನೋಡುವುದು ಎಂದರೇನು?" ಎಂದು ಶುರುಮಾಡಿದರು. ಶಶಿಧರ ಸಾರ್ ಎದ್ದು ಅವರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರ ಮುಖ ಕೆಂಪಾಯಿತು, ಎರಡೂ ಕೈ ಜೋಡಿಸಿದರು. ಊಟದ ಗಂಟೆ ಹೊಡೆಯಿತು.

ಹೊರಗೆ ಕೈತೊಳೆಯುವ ನಲ್ಲಿಯ ಹತ್ತಿರ ಮೇಷ್ಟ್ರೂ ಪ್ರಫುಲ್ಲಾಳೂ ಎದುರುಬದುರು ಸಿಕ್ಕಿಬಿದ್ದಿದ್ದರು. ನಾನು ಇಬ್ಬರ ನಡುವೆ ಹೋಗಿ ನಿಂತೆ. "ಒಂದು ಸಾದಾ ಚಿತ್ರ ಬರ್ಕೊಡಿ. ಒಳಗಿಂದು ಬೇಡ, ತಮಾಷೆ ಬೇಡ. ಇದ್ದಳಲ್ಲ, ಹಾಗೆ" ಎಂದೆ.

ಮೇಷ್ಟ್ರು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಇದ್ದ ಹಾಗೆ ಬರೆಯೋ ಕೈ ನಂಗಿತ್ತು ಲಿಂಗಣ್ಣ. ಚಿಕ್ಕಂದಿನಲ್ಲಿ ಬಹಳ ಚೆನ್ನಾಗಿತ್ತು. ನಾನೇ ಬೇಕಂತ ಮುರ್ಕೊಂಡೆ."

"ನಂಗೆ ಇವ್ರು ಅದನ್ನ ಕಲಿಸ್ಲೇ ಇಲ್ಲ" ಎಂದಳು ಪ್ರಫುಲ್ಲಾ.

"ನೀನು ಕೇಳ್ಲೇ ಇಲ್ಲ."

ಇಷ್ಟು ವರ್ಷಗಳ ಮೇಲೆ ಅವರಿಬ್ಬರ ನಡುವೆ ನಡೆದ ಮಾತು ಅಷ್ಟು. ಪ್ರಫುಲ್ಲಾ ಮೆಟ್ಟಿಲ ಮೇಲೆ ಕೂತು, ಊಟದ ಎಲೆಯ ಕೆಳಗೆ ಹಾಸಲು ತಂದಿದ್ದ ಕಾಗದದ ಸುರುಳಿಯಿಂದ ಒಂದು ತುಂಡು ಹರಿದು, ಪೆನ್ಸಿಲು ತೆಗೆದಳು. "ಹೇಳಣ್ಣ. ಬಂದ ಹಾಗೆ ಬರೀತೀನಿ. ಅಂಬಿಕಾ ಹೆಂಗಿದ್ಲು?" ಎಂದಳು. ಮುಖ ಹೇಳಬಾರದು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಬೇಕೆಂದೇ ಗೋಡೆಯ ಕಡೆ ತಿರುಗಿ ನಿಂತರು. ನಾನು ಕಣ್ಣು ಮುಚ್ಚಿದೆ. ಕಪ್ಪು ಬಂತು, ನಡುವೆ ಬಿಳಿಯ ಚೂರು ಬಂತು. ಅದನ್ನು ಸರಿಸಿದೆ, ಸೋಪಿನ ಹುಡುಗಿಯ ಕೆನ್ನೆ ಬಂತು, ಆನೆಯ ಕಣ್ಣು ಬಂತು. ಅವನ್ನೂ ಸರಿಸಿದೆ. ಊರೂರಿಗೆ ಅವನ್ನೇ ಎತ್ತಿ ಎತ್ತಿ ತೋರಿಸಿದ್ದೆನಲ್ಲ, ಸರಿಸಿದಷ್ಟೂ ಅವೇ ಬಂದವು. ಪೆನ್ಸಿಲು ಕಾಗದದ ಮೇಲೆ ಕಾಯುತ್ತಿತ್ತು. ಎಲೆ ಹಾಕಿದೆ ಬನ್ನಿ ಎಂದು ಒಳಗಿನಿಂದ ಕರೆದರು.

ಮಳೆಗಾಲ ಮುಗಿಯುವ ಹೊತ್ತಿಗೆ ಠಾಣೆಯಿಂದ ಹೇಳಿಕಳಿಸಿದರು. ದೂರದ ಒಂದು ಊರಿನ ಮಹಿಳಾ ಆಶ್ರಯದಲ್ಲಿ ಒಬ್ಬ ಹುಡುಗಿ ಇದ್ದಾಳೆ, ಹೆಸರು ಹೇಳುವುದಿಲ್ಲ, ಫೋಟೊ ತೆಗೆದರೆ ಬರುವುದಿಲ್ಲ, ನಿಮ್ಮೂರಿನವಳೇ ಇರಬೇಕು ಎಂದು. ಈ ಸಲ ಚೀಲ ತೆಗೆದುಕೊಳ್ಳಲಿಲ್ಲ. ಕುಂಕುಮದ ಬಟ್ಟಲನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಜೇಬಿಗಿಟ್ಟುಕೊಂಡೆ.

ಅಲ್ಲಿಯ ಮೇಲ್ವಿಚಾರಕಿ ಜೆಸಿಂತಾ ಎಂಬಾಕೆ. ಆಕೆಯ ಕೋಣೆಯಲ್ಲಿ ಮೇಜಿನ ಹಿಂದೆ ದೊಡ್ಡದೊಂದು ಕನ್ನಡಿ ಇತ್ತು. ಆಕೆ ರಿಜಿಸ್ಟರಿನಲ್ಲಿ ನನ್ನ ವಿಳಾಸ ಬರೆದುಕೊಂಡು, ಹೆಗಲ ಸೆರಗು ಸರಿಮಾಡಿಕೊಳ್ಳಲು ಆ ಕಡೆ ತಿರುಗಿದರು. ಕನ್ನಡಿಯಲ್ಲಿ ಆಕೆಯ ಮುಖ ಬಂತು. ನನ್ನ ಜನ್ಮದಲ್ಲಿ ಮೊದಲ ಸಲ ಕನ್ನಡಿಯೊಳಗೆ ಮನುಷ್ಯರನ್ನು ನೋಡಿದೆ. ಹುಚ್ಚನ ಹಾಗೆ ಎದ್ದು ಆಕೆಯ ಪಕ್ಕ ಹೋಗಿ ನಿಂತೆ. ಕನ್ನಡಿಯಲ್ಲಿ ಆಕೆ ಇದ್ದರು. ಪಕ್ಕದಲ್ಲಿ ನಾನು ಕೂತಿದ್ದ ಬೆಂಚು, ಗೋಡೆ, ಗೋಡೆಯ ಗಡಿಯಾರ ಇದ್ದವು. ಅಂಬಿಕಾ ಘಟ್ಟದ ಆಚೆ ನೋಡಿದ್ದು ಏನೆಂದು ಆಗ ತಿಳಿಯಿತು.

ಹಿತ್ತಲ ಕಟ್ಟೆಯ ಮೇಲೆ ಹುಡುಗಿ ಬೆನ್ನು ಮಾಡಿ ಕೂತಿದ್ದಳು. ಉದ್ದ ಜಡೆ. "ಅಂಬೂ" ಎಂದೆ. ತಿರುಗಿದಳು. ಅಂಬಿಕಾ ಅಲ್ಲ. ಹೌದು ಎನ್ನಲು ನೆನಪೇನೂ ಉಳಿದಿರದ ನನ್ನ ಕಣ್ಣಿಗೆ ಅಲ್ಲ ಎಂಬುದು ಮಾತ್ರ ತಕ್ಷಣ ಗೊತ್ತಾಯಿತು.

ಪಕ್ಕದಲ್ಲಿ ಕೂತೆ. ಅಂಬಿಕಾ ಎಂಬ ಹುಡುಗಿ ಬಂದಿದ್ದಳೇ ಎಂದು ಕೇಳಿದೆ. "ನಮ್ಮೂರೋರು ಬರ್ತಾನೇ ಇ‌ರ್ತಾರೆ ಮಾಮಾ" ಎಂದಳು. "ಬರ್ತಾರೆ, ಕನ್ನಡಿ ನೋಡ್ತಾರೆ, ಇಲ್ಲಲ್ಲ, ಮುಂದಿನ ಊರಲ್ಲಿ ಕಾಣುತ್ತಂತೆ ಅಂತ ಹೋಗ್ತಾರೆ. ನಂಗೆ ನಡೆದೂ ನಡೆದೂ ಸಾಕಾಯ್ತು, ಇಲ್ಲೇ ಕೂತೆ." ಊರಿಗೆ ಬರುತ್ತೀಯಾ ಎಂದೆ. ಅಲ್ಲೇನಿದೆ ಎಂದಳು. ಸುಮ್ಮನೆ ಕೂರಲಾಗದೆ ಜೇಬಿನಿಂದ ಕರವಸ್ತ್ರ ತೆಗೆದೆ. ಬಟ್ಟಲು ಕಂಡದ್ದೇ ಆ ಹುಡುಗಿ ಎದ್ದು, ನನ್ನ ಎದುರು ಬಂದು, ಕಣ್ಣು ಮುಚ್ಚಿ ನಿಂತುಬಿಟ್ಟಳು. ಯಾರ ಮಗಳೋ, ಯಾರು ಅವಳಿಗೆ ದಿನಾ ಇಡುತ್ತಿದ್ದರೋ. ಬೊಟ್ಟು ಇಟ್ಟೆ.

"ಸರಿ ಇದೆಯಾ?"

"ಸರಿ ಇದೆ ಕಣಮ್ಮ."

ಕಣ್ಣು ತೆರೆಯಲಿಲ್ಲ. "ನಾನು ಹೆಂಗಿದೀನಿ?" ಎಂದಳು.

ಅಜ್ಜಿಯ ಕೈ ಬಾಯಿಯ ಮೇಲೆ ಬೀಳಲಿಲ್ಲ. ನಾನು ಅವಳ ಮುಖ ನೋಡಿದೆ. ಅಕ್ಕಿಯಲ್ಲಿ ಕಲ್ಲು ನೋಡುವ ಹಾಗೆ, ಬೇರೇನೂ ಯೋಚಿಸದೆ ನೋಡಿದೆ. "ಹಣೆ ಚಿಕ್ಕದು. ಕೂದಲು ಹುಬ್ಬಿನ ಹತ್ತಿರ ತನಕ ಇಳಿದಿದೆ. ಬಲಗಡೆ ಹುಬ್ಬಿನ ಕೊನೇಲಿ ಕೂದಲಿಲ್ಲ. ಮೂಗು ಮೊಂಡ, ತುದಿ ಸ್ವಲ್ಪ ಎಡಕ್ಕೆ. ಎಡಗಿವಿ ಮುಂದಕ್ಕೆ ಬಾಗಿದೆ, ಬಲಗಿವಿ ತಲೆಗೆ ಅಂಟಿದೆ. ಕೆಳತುಟಿ ದಪ್ಪ. ಗಲ್ಲದ ಮೇಲೆ ಅಮ್ಮ ಬಂದದ್ದರ ಕಲೆ ಒಂದಿದೆ, ಕಡಲೆಬೇಳೆಯಷ್ಟು." ಅವಳ ಮುಖ ಸವೆಯಲಿಲ್ಲ. ಅಲ್ಲೇ ಇತ್ತು.

"ಆಮೇಲೆ?" ಎಂದಳು.

"ಅಷ್ಟೇ."

"ಅಷ್ಟೇನಾ?" ಎಂದು ಕಣ್ಣು ತೆರೆದು, ಬೆರಳಿನಿಂದ ಎಡಗಿವಿ ಮುಟ್ಟಿಕೊಂಡಳು. ಆಮೇಲೆ ಬಲಗಿವಿ. ಮತ್ತೆ ಎಡಗಿವಿ. ನಾನು ಬಾಗಿಲು ದಾಟುವಾಗ ತಿರುಗಿ ನೋಡಿದರೆ ಇನ್ನೂ ಮುಟ್ಟಿಕೊಳ್ಳುತ್ತಲೇ ಇದ್ದಳು.

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಗಾಜಿನಲ್ಲಿ ಹಿಂದಿನ ಸೀಟಿನವರ ಟೊಪ್ಪಿಗೆ ಕಾಣುತ್ತಿತ್ತು, ಮೇಲಿನ ಸಾಮಾನು ಕಾಣುತ್ತಿತ್ತು. ಆ ಹುಡುಗಿಯ ಮುಖ ಹೇಳಿದ ಹಾಗೇ, ಅದೇ ಉಸಿರಿನಲ್ಲಿ ನನ್ನ ಮಗಳದ್ದನ್ನೂ ಹೇಳಿಕೊಳ್ಳೋಣ ಎಂದು ತುಟಿ ಅಲ್ಲಾಡಿಸಿದೆ. ಹಣೆ. ಹಣೆ ಎಂದು ಶುರುಮಾಡಿದೆ. ಅಂಬಿಕಾಳ ಹಣೆ ಅಗಲವೋ, ಚಿಕ್ಕದೋ. ಅವಳ ಎಡಗಿವಿ ಹೇಗಿತ್ತು. ಕಿವಿಯ ಹಿಂದಿನಿಂದ ಜಡೆಯ ಕೂದಲನ್ನು ಎಷ್ಟು ಸಾವಿರ ಸಲ ಎಳೆದು ತಂದಿದ್ದೆ. ಮೊಂಡ ಮೂಗು ಎಂದು ನಾಲಿಗೆಗೆ ಬಂತು, ಅದು ಆಶ್ರಯದ ಹುಡುಗಿಯದು. ಕೆಳತುಟಿ ದಪ್ಪ ಎಂದು ಬಂತು, ಅದೂ ಅವಳದ್ದೇ. ಘಟ್ಟ ಶುರುವಾಯಿತು. ನನ್ನ ಬೆರಳು ಮಾತ್ರ, ಅವಳು ಎದುರು ನಿಂತಾಗ ಹಣೆ ಇರುತ್ತಿದ್ದ ಎತ್ತರಕ್ಕೆ ತಾನಾಗಿಯೇ ಏರಿ ನಿಂತಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಅದು ಮುಂದಿನ ಸೀಟಿನ ಕಂಬಿಗೆ ತಾಗಿತು. ಬೆರಳಲ್ಲಿ ಉಳಿದಿದ್ದ ಕುಂಕುಮ ಕಂಬಿಯ ಮೇಲೆ ಕೆಂಪಗೆ ಕೂತಿತು. ಸರಿ ಇದೆಯೋ ಇಲ್ಲವೋ ಎಂದು ಬಹಳ ಹೊತ್ತು ನೋಡಿದೆ.